ದೊಡ್ಡವರು ಮನೆಯಲ್ಲಿಲ್ಲ

ಇಂಗ್ಲಿಷಿನಲ್ಲಿ ಹದಿಹರೆಯದವರಿಗೆಂದು ಬರೆಯುವ ಕಾದಂಬರಿಗಳಲ್ಲಿ ಅಪ್ಪನಾಗಿಯೋ ಅಮ್ಮನಾಗಿಯೋ ಹುಟ್ಟುವುದು ಬಹಳ ಅಪಾಯದ ಕೆಲಸ. ಮೊದಲ ಪುಟ ತಿರುವುವಷ್ಟರಲ್ಲಿ ಅರ್ಧ ಜನ ತೀರಿಕೊಂಡಿರುತ್ತಾರೆ. ಬದುಕುಳಿದವರಲ್ಲಿ ಒಬ್ಬರು ಗಂಟುಮೂಟೆ ಕಟ್ಟಿಕೊಂಡು ಹೋಗಿರುತ್ತಾರೆ. ಮಿಕ್ಕವರು ದುಃಖದಲ್ಲೋ ದುಡಿಮೆಯಲ್ಲೋ ಕುಡಿತದಲ್ಲೋ ಮುಳುಗಿ, ಮಗ ರಾತ್ರಿ ಎಷ್ಟು ಗಂಟೆಗೆ ಬಂದ, ಉಂಡನೋ ಇಲ್ಲವೋ ಎಂಬ ಪರಿವೆಯಿಲ್ಲದೆ ಸೋಫಾದ ಮೇಲೆ ಬಿದ್ದುಕೊಂಡಿರುತ್ತಾರೆ. ಲೇಖಕರನ್ನು ದೂರಿ ಫಲವಿಲ್ಲ. ಅಪ್ಪ ಅಮ್ಮ ಗಟ್ಟಿಮುಟ್ಟಾಗಿದ್ದು, ಬಾಗಿಲಿಗೆ ಅಡ್ಡ ನಿಂತು "ಎಲ್ಲಿಗೆ ಹೊರಟೆ ಇಷ್ಟು ಹೊತ್ತಲ್ಲಿ?" ಅಂತ ಕೇಳಿದರೆ ಕತೆ ಹೊಸಿಲಲ್ಲೇ ಮುಗಿದುಹೋಗುತ್ತದೆ.

ಕಳೆದ ಒಂದು ವರ್ಷ ನಾನು ಓದಿದ್ದು ಬಹುಪಾಲು ಇಂಥವೇ. ಇವಕ್ಕೆ 'ಯಂಗ್ ಅಡಲ್ಟ್' ಅನ್ನುತ್ತಾರೆ. ನಮ್ಮ ಪುಟ್ಟಿ, ಅಂದರೆ ಅಕ್ಕನ ಮಗಳು, ಅಷ್ಟುದ್ದವೂ ಬೇಡವೆಂದು 'ವೈಎ' ಅನ್ನುತ್ತಾಳೆ. ಹನ್ನೆರಡರಿಂದ ಹದಿನೆಂಟರವರಿಗೆ ಎಂದು ಲೆಕ್ಕ. ನಾನು ಹದಿನೆಂಟು ದಾಟಿ ನಾಲ್ಕು ದಶಕವಾಗುತ್ತ ಬಂತು. ಆದರೂ ಓದಿದೆ, ಯಾಕೆಂದರೆ ಅವು ಮನೆಯಲ್ಲಿದ್ದವು. ಅಕ್ಕ ಬೆಂಗಳೂರಿನಲ್ಲಿ ಸಣ್ಣ ಫ್ಲ್ಯಾಟಿಗೆ ಹೋಗುವಾಗ ಮಗಳ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, "ಎಸೆಯೋಕೆ ಮನಸ್ಸಿಲ್ಲ, ಇಡೋಕೆ ಜಾಗ ಇಲ್ಲ" ಎಂದು ಶಿವಮೊಗ್ಗದ ನಮ್ಮನೆ ಅಟ್ಟಕ್ಕೆ ಸಾಗಹಾಕಿದಳು. ಮಳೆಗಾಲದಲ್ಲಿ ಅಟ್ಟದ ಮೇಲೆ ಏನಿಟ್ಟರೂ ಬೂಷ್ಟು ಹಿಡಿಯುತ್ತದೆ. ಕೆಳಗಿಳಿಸಿ ಒಂದೊಂದನ್ನೇ ಒರೆಸುತ್ತ ಕೂತವಳು ಒರೆಸುವುದನ್ನು ಬಿಟ್ಟು ಓದತೊಡಗಿದೆ.

ಮೊದಲು ಸಿಕ್ಕಿದ್ದು ಎಸ್. ಇ. ಹಿಂಟನ್ ಬರೆದ 'ದಿ ಔಟ್‌ಸೈಡರ್ಸ್'. 1967ರ ಪುಸ್ತಕ. ಬರೆದವರು ಯಾರೋ ಗಂಡಸರೇ ಇರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳಲಿ ಅಂತಲೇ ಪ್ರಕಾಶಕರು ಬರೀ ಇನಿಷಿಯಲ್ ಹಾಕಿಸಿದ್ದರಂತೆ. ಬೀದಿ ಹುಡುಗರ ಹೊಡೆದಾಟದ ಕತೆಯನ್ನು ಹುಡುಗಿ ಬರೆದಿದ್ದಾಳೆ ಅಂತ ತಿಳಿದರೆ ವಿಮರ್ಶಕರು ಮೂಗು ಮುರಿದಾರು ಎಂಬ ಭಯ. ಸೂಸನ್ ಎಲೊಯಿಸ್ ಹಿಂಟನ್ ಅಮೆರಿಕದ ಓಕ್ಲಹೋಮಾದ ಟಲ್ಸಾ ಊರಿನವಳು. ಬರೆಯಲು ಕೂತಾಗ ಹದಿನೈದು ವರ್ಷ, ಪುಸ್ತಕ ಬಂದಾಗ ಹದಿನೆಂಟು. ಅದನ್ನು ಬರೆಯುತ್ತಿದ್ದ ವರ್ಷವೇ ಶಾಲೆಯಲ್ಲಿ ಸೃಜನಶೀಲ ಬರವಣಿಗೆಯ ತರಗತಿಯಲ್ಲಿ ಆಕೆಗೆ ಬಂದದ್ದು 'ಡಿ' ಗ್ರೇಡು. ಅನಂತರ ಅದೇ ಪುಸ್ತಕ ಅಲ್ಲಿನ ಶಾಲೆಗಳಲ್ಲಿ ಪಾಠವಾಯಿತು. ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಗ್ರಂಥಪಾಲಕಿ ಮತ್ತು ಮಕ್ಕಳು ಸೇರಿ, ಇದನ್ನು ಸಿನಿಮಾ ಮಾಡಿ ಅಂತ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾಗೆ ಪತ್ರ ಬರೆದರು. 'ಗಾಡ್‌ಫಾದರ್' ಮಾಡಿದ ಆಸಾಮಿ ಆ ಪತ್ರಕ್ಕೆ ಬೆಲೆ ಕೊಟ್ಟು 1983ರಲ್ಲಿ ಸಿನಿಮಾ ಮಾಡಿಯೂಬಿಟ್ಟ.

ಕತೆಯಲ್ಲಿ ಪೋನಿಬಾಯ್ ಅಂತ ಹದಿನಾಲ್ಕರ ಹುಡುಗ, ಅವನಿಗೆ ಇಬ್ಬರು ಅಣ್ಣಂದಿರು. ಅಪ್ಪ ಅಮ್ಮ ಕತೆ ಶುರುವಾಗುವ ಮೊದಲೇ ಕಾರು ಅಪಘಾತದಲ್ಲಿ ಹೋಗಿದ್ದಾರೆ. ಇಪ್ಪತ್ತು ವರ್ಷದ ಹಿರಿಯಣ್ಣ ಡ್ಯಾರಿ ಕಾಲೇಜಿನ ಆಸೆ ಬಿಟ್ಟು, ಸೂರುಗಳಿಗೆ ಹೊದಿಕೆ ಹಾಕುವ ಕೆಲಸ ಮಾಡಿ ಸಂಸಾರ ನಡೆಸುತ್ತಾನೆ. ಪೋನಿಬಾಯ್ ಒಂದು ರಾತ್ರಿ ಬಯಲಲ್ಲಿ ನಿದ್ದೆ ಹೋಗಿ ಎರಡು ಗಂಟೆಗೆ ಮನೆಗೆ ಬರುತ್ತಾನೆ, ಕಾದು ಕೂತಿದ್ದ ಡ್ಯಾರಿ ಕೆನ್ನೆಗೆ ಬಾರಿಸುತ್ತಾನೆ. ಹುಡುಗ ಮನೆ ಬಿಟ್ಟು ಓಡುತ್ತಾನೆ. ಅಲ್ಲಿಂದಲೇ ಎಲ್ಲ ಅನಾಹುತ. ಜಗತ್ತಿನ ಹದಿಹರೆಯದವರೆಲ್ಲ ಈ ಜಾಗದಲ್ಲಿ ಪೋನಿಬಾಯ್ ಜೊತೆ ಓಡಿರುತ್ತಾರೆ. ನಾನು ಡ್ಯಾರಿಯ ಜೊತೆ ಮನೆಯಲ್ಲೇ ಉಳಿದೆ. ಎರಡು ಗಂಟೆ ರಾತ್ರಿ! ಕೈಯಲ್ಲಿ ಫೋನೂ ಇಲ್ಲದ ಕಾಲ! ಹೊಡೆದದ್ದು ಸರಿಯಲ್ಲ, ಒಪ್ಪಿದೆ, ಆದರೆ ಆ ಪಾಪದ ಹುಡುಗ ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಮಾಡು ಹತ್ತಿ ದುಡಿದವನು. ದೊಡ್ಡವರನ್ನೆಲ್ಲ ಕತೆಯಿಂದ ಹೊರಗೆ ಹಾಕಿದರೂ ಆ ಜಾಗ ಖಾಲಿ ಬಿಡಲು ಬರುವುದಿಲ್ಲ, ಯಾರೋ ಒಬ್ಬರು ಎಳೆ ವಯಸ್ಸಿನಲ್ಲೇ ಅದರಲ್ಲಿ ಕೂತು ಗದರಬೇಕಾಗುತ್ತದೆ ಎಂಬುದನ್ನು ಹದಿನೈದರ ಹುಡುಗಿಯೊಬ್ಬಳು ಕಂಡುಕೊಂಡದ್ದು ನನಗೆ ದೊಡ್ಡದೆನಿಸಿತು.

ನಮ್ಮ ಕಾಲದಲ್ಲಿ ಇಂಥ ಪುಸ್ತಕಗಳು ಇರಲಿಲ್ಲವೇ ಅಂದರೆ, ಇರಲಿಲ್ಲ. 'ಚಂದಮಾಮ'ದಿಂದ ಹೊರಟ ರೈಲು ನಮ್ಮನ್ನು ಸೀದಾ ತ್ರಿವೇಣಿಯವರ 'ಶರಪಂಜರ'ದಲ್ಲಿ ಇಳಿಸುತ್ತಿತ್ತು, ನಡುವೆ ಒಂದು ಸ್ಟೇಶನ್ನೂ ಇಲ್ಲ. ಬೇತಾಳನನ್ನು ಹೆಗಲಿಗೇರಿಸಿಕೊಂಡ ವಿಕ್ರಮನನ್ನು ಬಿಟ್ಟು ಬಂದ ಮಾರನೆಯ ವಾರವೇ ಗಂಡ ಹೆಂಡಿರ ಅನುಮಾನ, ಬಾಣಂತಿತನ, ಮನೋರೋಗ. ಅರ್ಥವಾಗದ ಕಡೆ ಅಳು ಬರುತ್ತಿತ್ತು, ಅಳು ಬಂದದ್ದರಿಂದ ಅರ್ಥವಾಯಿತು ಅಂದುಕೊಳ್ಳುತ್ತಿದ್ದೆವು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ವಿಜ್ಞಾನದ ಪುಸ್ತಕದ ಒಳಗಿಟ್ಟು ಓದಿದ ಕಾದಂಬರಿಗಳಲ್ಲಿ ಎಷ್ಟಕ್ಕೋ ಕೊನೆಯ ಹಾಳೆಗಳೇ ಇರುತ್ತಿರಲಿಲ್ಲ. ಹಾಗಾಗಿ ನನ್ನ ತಲೆಯಲ್ಲಿ ಇವತ್ತಿಗೂ ಹಲವಾರು ನಾಯಕಿಯರ ಮದುವೆ ಆಗದೆ ಉಳಿದಿದೆ.

ನಡುವಿನ ಆ ಸ್ಟೇಶನ್ನು ಎಂಥದ್ದಿತ್ತು ಅಂತ ನನಗೆ ತೋರಿಸಿದವನು ಏಡ್ರಿಯನ್ ಮೋಲ್. ಹದಿಮೂರು ಮುಕ್ಕಾಲು ವರ್ಷದ ಇಂಗ್ಲಿಷ್ ಹುಡುಗ, ಅವನ ಗುಟ್ಟಿನ ದಿನಚರಿ. ಸೂ ಟೌನ್‌ಸೆಂಡ್ ಬರೆದದ್ದು, 1982ರಲ್ಲಿ ಬಂದದ್ದು. ಈ ಹುಡುಗನಿಗೆ ತಾನು ಬುದ್ಧಿಜೀವಿ ಎಂಬ ಖಾತರಿ ಇದೆ. ಬುದ್ಧಿಜೀವಿಗೆ ಮೊಡವೆ ಏಕೆ ಬಂತು ಎಂಬುದೊಂದೇ ಅವನ ಚಿಂತೆ. ಬಿಬಿಸಿಗೆ ಕವಿತೆ ಕಳಿಸುತ್ತಾನೆ. ಪ್ಯಾಂಡೊರಾ ಎಂಬ ಹುಡುಗಿಯನ್ನು ಪ್ರೀತಿಸುತ್ತಾನೆ. ಮಲಗುವ ಕೋಣೆಯ ಗೋಡೆಯಲ್ಲಿ ನಾಡಿ ಎಂಬ ಮಕ್ಕಳ ಬೊಂಬೆಯ ಚಿತ್ರದ ಕಾಗದವಿದೆ, ಅದು ಬುದ್ಧಿಜೀವಿಗೆ ತಕ್ಕುದಲ್ಲವೆಂದು ಪೂರ್ತಿ ಕಪ್ಪು ಬಣ್ಣ ಬಳಿಯುತ್ತಾನೆ. ಬಣ್ಣ ಒಣಗಿದ ಮೇಲೆ ನಾಡಿಯ ಟೊಪ್ಪಿಗೆಯ ಗೆಜ್ಜೆಗಳು ಮಾತ್ರ ಗೋಡೆಯ ತುಂಬ ಮಿಣ್ಣಗೆ ಇಣುಕುತ್ತವೆ. ಆಮೇಲೆ ಕೂತು ಒಂದೊಂದೇ ಗೆಜ್ಜೆಗೆ ಸ್ಕೆಚ್ ಪೆನ್ನಿನಿಂದ ಕಪ್ಪು ತುಂಬುತ್ತಾನೆ. ಇದನ್ನು ಓದುವಾಗ ನಾನು ಒಬ್ಬಳೇ ನಗುತ್ತಿದ್ದುದನ್ನು ಕಂಡ ಕೆಲಸದ ಸಾವಿತ್ರಮ್ಮ, "ಅಮ್ಮಾ, ಹುಷಾರಾಗಿದೀರಾ?" ಅಂತ ಕೇಳಿದಳು.

ಆದರೆ ಏಡ್ರಿಯನ್‌ಗೆ ಕಾಣದ್ದು ಇನ್ನೊಂದಿದೆ. ಅವನ ಅಮ್ಮ ಪಕ್ಕದ ಮನೆಯ ಲೂಕಸ್ ಎಂಬವನ ಜೊತೆ ಸಲಿಗೆಯಲ್ಲಿದ್ದಾಳೆ. ದಿನಚರಿಯಲ್ಲಿ ಅವನೇ ಎಲ್ಲವನ್ನೂ ಬರೆದಿಡುತ್ತಾನೆ, ಲೂಕಸ್ ಬಂದ, ಅಮ್ಮ ನಕ್ಕಳು, ಅಮ್ಮ ಜರ್ಮೇನ್ ಗ್ರೀರ್ ಪುಸ್ತಕ ಓದುತ್ತಿದ್ದಾಳೆ ಎಂದೆಲ್ಲ. ಒಂದಕ್ಕೊಂದು ಕೂಡಿಸುವುದು ಮಾತ್ರ ಬುದ್ಧಿಜೀವಿಗೆ ಬರುವುದಿಲ್ಲ. ಹದಿಮೂರರ ಓದುಗರು ಅವನನ್ನು ನೋಡಿ ನಗುತ್ತಾರೆ. ನಾನು ಅವನ ಭುಜದ ಮೇಲಿಂದ ಬಗ್ಗಿ ಅಮ್ಮನನ್ನು ನೋಡುತ್ತಿದ್ದೆ. ಆಕೆಯ ಹೆಸರು ಪೌಲೀನ್. ಮನೆ ಬಿಟ್ಟು ಹೋದವಳನ್ನು ಒಪ್ಪುವುದು ನನ್ನಂಥವಳಿಗೆ ಸುಲಭವಲ್ಲ, ಆದರೆ ಆ ಗಂಡನನ್ನೂ ಆ ಮಗನನ್ನೂ ಒಟ್ಟಿಗೆ ಸಾಕುವುದೂ ಸುಲಭವಿರಲಿಲ್ಲ ಅನ್ನುವುದನ್ನು ಆ ಹುಡುಗನ ದಿನಚರಿಯೇ ಹೇಳಿಬಿಡುತ್ತದೆ, ಹುಡುಗನಿಗೇ ತಿಳಿಯದಂತೆ. ಟೌನ್‌ಸೆಂಡ್ ಲೆಸ್ಟರ್ ಊರಿನ ಬಡ ಬಡಾವಣೆಯವರು, ಹದಿನೈದಕ್ಕೇ ಶಾಲೆ ಬಿಟ್ಟವರು, ಮೂರು ಮಕ್ಕಳನ್ನು ಕೆಲ ಕಾಲ ಒಬ್ಬರೇ ಸಾಕಿದವರು. ಬಹಳ ವರ್ಷ ಯಾರಿಗೂ ಹೇಳದೆ ಗುಟ್ಟಾಗಿ ಬರೆದರು. ದೊಡ್ಡ ಮಗ ಒಂದು ಭಾನುವಾರ, ಬೇರೆ ಮನೆಯವರ ಹಾಗೆ ನಾವ್ಯಾಕೆ ಸಫಾರಿ ಪಾರ್ಕಿಗೆ ಹೋಗುವುದಿಲ್ಲ ಅಂತ ಗೊಣಗಿದ್ದೇ ಏಡ್ರಿಯನ್ನನ ದನಿ ಹುಟ್ಟಿದ ಗಳಿಗೆ ಎಂದು ಅವರೇ ಹೇಳಿಕೊಂಡಿದ್ದಾರೆ. ನಮ್ಮೂರ ಪಕ್ಕ ತ್ಯಾವರೆಕೊಪ್ಪದಲ್ಲಿ ಸಿಂಹ, ಹುಲಿಗಳ ಸಫಾರಿ ಇದೆ. ರಜೆಗೆ ಬಂದಾಗೆಲ್ಲ ಪುಟ್ಟಿಯೂ ಇದೇ ದನಿಯಲ್ಲಿ ಗೊಣಗುತ್ತಿದ್ದಳು. ನಮ್ಮ ಮನೆಯಲ್ಲಿ ಅದರಿಂದ ಸಾಹಿತ್ಯವೇನೂ ಹುಟ್ಟಲಿಲ್ಲ.

ನಕ್ಕದ್ದು ಸಾಕು ಅನ್ನುವಂತೆ ಪೆಟ್ಟಿಗೆಯಲ್ಲಿ ಮುಂದೆ ಸಿಕ್ಕಿದವರು ರಾಬರ್ಟ್ ಕಾರ್ಮಿಯರ್. 'ದಿ ಚಾಕೊಲೇಟ್ ವಾರ್', 1974. ಶಾಲೆಗೆ ದುಡ್ಡು ಕೂಡಿಸಲು ಹುಡುಗರು ಚಾಕೊಲೇಟ್ ಡಬ್ಬಿ ಮಾರಬೇಕು, ಹಿಂದಿನ ವರ್ಷದ ಎರಡರಷ್ಟು ಡಬ್ಬಿ, ಎರಡರಷ್ಟು ಬೆಲೆ. ಜೆರ್‍ರಿ ಎಂಬ ಹುಡುಗ ಮಾರುವುದಿಲ್ಲ ಅನ್ನುತ್ತಾನೆ. ಇಷ್ಟೇ ಕತೆ. ನಮಗೂ ಶಾಲೆಯಲ್ಲಿ ಕ್ಷಯರೋಗ ನಿವಾರಣೆಯ ಸ್ಟಾಂಪು ಕೊಟ್ಟು ಮಾರಿಕೊಂಡು ಬನ್ನಿ ಅನ್ನುತ್ತಿದ್ದರು. ಯಾರ ಮನೆ ಬಾಗಿಲಿಗೂ ಹೋಗಲು ನಾಚಿ, ಎಲ್ಲವನ್ನೂ ಅಪ್ಪನಿಗೇ ಮಾರುತ್ತಿದ್ದೆ. ಮಾರುವುದಿಲ್ಲ ಅನ್ನಬಹುದು ಎಂಬ ಸಾಧ್ಯತೆ ಇಡೀ ತರಗತಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕಾರ್ಮಿಯರ್ ಅವರ ಸ್ವಂತ ಮಗನೇ ಹಾಗೆ ಅಂದಿದ್ದನಂತೆ, ಶಾಲೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ಅಲ್ಲಿಗೆ ಮುಗಿಯಿತು. ಮ್ಯಾಸಚುಸೆಟ್ಸ್‌ನ ಪತ್ರಕರ್ತ ಅಪ್ಪ ಮಾತ್ರ ಸುಮ್ಮನಾಗದೆ, ಏನಾದರೂ ಅಂದಿದ್ದರೆ ಅಂತ ಯೋಚಿಸುತ್ತ ಕೂತ. ಆ ಯೋಚನೆ ಎಷ್ಟು ಕರಾಳವಾಯಿತೆಂದರೆ ಕೊನೆಯಲ್ಲಿ ಜೆರ್‍ರಿಯನ್ನು ಇಡೀ ಶಾಲೆ ನೋಡುತ್ತಿರುವಂತೆ ಹೊಡೆದು ಕೆಡವುತ್ತಾರೆ, ಯಾವ ನ್ಯಾಯವೂ ಸಿಗುವುದಿಲ್ಲ. ಕೊನೆಯನ್ನು ಬದಲಾಯಿಸಿ ಅಂತ ಒಂದಕ್ಕಿಂತ ಹೆಚ್ಚು ಪ್ರಕಾಶಕರು ಕೇಳಿದರು, ಅವರು ಒಪ್ಪಲಿಲ್ಲ. ಅಮೆರಿಕದ ಶಾಲೆಗಳಲ್ಲಿ ಪದೇ ಪದೇ ನಿಷೇಧಕ್ಕೆ ಗುರಿಯಾದ ಪುಸ್ತಕಗಳಲ್ಲಿ ಇದೂ ಒಂದು. ಜೆರ್‍ರಿಯ ತಾಯಿ ಸತ್ತಿದ್ದಾಳೆ, ಔಷಧದಂಗಡಿಯ ಅಪ್ಪ ಮನೆಯಲ್ಲಿದ್ದೂ ಇಲ್ಲದವನು. ಮಗನ ಮೈಮೇಲಿನ ಗಾಯವೂ ಅವನಿಗೆ ಕಾಣುವುದಿಲ್ಲ. ಈ ಪುಸ್ತಕ ನನಗೆ ಇಷ್ಟವಾಯಿತು ಅನ್ನಲಾರೆ, ಆದರೆ ವರ್ಷವಿಡೀ ಓದಿದ್ದರಲ್ಲಿ ನಿದ್ದೆ ಕೆಡಿಸಿದ್ದು ಇದೊಂದೇ.

ಅದೇ ಕಾರ್ಮಿಯರ್ 1977ರ 'ಐ ಆಮ್ ದಿ ಚೀಸ್'ನಲ್ಲಿ ಏಮಿ ಎಂಬ ಹುಡುಗಿಗೊಂದು ಫೋನ್ ನಂಬರ್ ಕೊಟ್ಟರು. ಸುಳ್ಳು ನಂಬರ್ ಯಾಕೆ ಅಂತ ತಮ್ಮ ಮನೆಯದನ್ನೇ ಹಾಕಿದರು. ಅಮೆರಿಕದ ಮೂಲೆಮೂಲೆಯಿಂದ ಮಕ್ಕಳು ಫೋನ್ ಮಾಡಿ "ಏಮಿ ಇದ್ದಾಳಾ?" ಅಂತ ಕೇಳತೊಡಗಿದರು. ಕಾರ್ಮಿಯರ್ ಬೇಸರಿಸದೆ ಮಾತಾಡುತ್ತಿದ್ದರಂತೆ. ತಮ್ಮ ಕಾದಂಬರಿಗಳಲ್ಲಿ ನೆಟ್ಟಗಿನ ದೊಡ್ಡವರನ್ನು ಅಪರೂಪಕ್ಕೆ ಬಿಡುವ ಈ ಮನುಷ್ಯ, ಯಾರದೋ ಮಕ್ಕಳು ಫೋನ್ ಮಾಡಿದಾಗ ಎತ್ತಿಕೊಳ್ಳಲು ಮನೆಯಲ್ಲಿರುತ್ತಿದ್ದರು.

ಜೂಡಿ ಬ್ಲೂಮ್ ಅವರ ಮಾರ್ಗರೆಟ್ ಬಗ್ಗೆ ಹೆಚ್ಚು ಹೇಳಲಾರೆ. 1970ರ ಆ ಪುಸ್ತಕದಲ್ಲಿ ನ್ಯೂಜೆರ್ಸಿಯ ಹನ್ನೊಂದು ದಾಟಿದ ಹುಡುಗಿ, ಗೆಳತಿಯರಿಗೆಲ್ಲ ಆಗಿ ತನಗೆ ಮಾತ್ರ ಮುಟ್ಟು ಯಾವಾಗ ಶುರುವಾಗುತ್ತದೋ ಎಂದು ದೇವರ ಹತ್ತಿರ ಪಿಸುಗುಟ್ಟುತ್ತಾಳೆ. ನಮ್ಮ ಕಡೆ ಪಿಸುಗುಟ್ಟುವ ಪ್ರಮೇಯವೇ ಇರಲಿಲ್ಲ. ಚಿಗಳಿ, ಕೊಬ್ಬರಿ ಬೆಲ್ಲ, ಆರತಿ, ಹಸೆ ಹಾಡು ಎಲ್ಲ ಮಾಡಿ ಇಡೀ ಕೇರಿಗೆ ಸಾರಿಬಿಡುತ್ತಿದ್ದರು. ನಾನು ದೇವರನ್ನು ಕೇಳಿಕೊಂಡದ್ದು ಒಂದೇ, ಎದುರು ಮನೆಯ ಹುಡುಗನನ್ನು ಆ ಒಂದು ದಿನ ಊರಲ್ಲಿ ಇರಿಸಬೇಡಪ್ಪಾ ಅಂತ. ಇದ್ದ. ಚಿಗಳಿಯನ್ನೂ ತಿಂದ.

ಇಷ್ಟಾದ ಮೇಲೆ ನನಗೊಂದು ಚಟ ಹತ್ತಿತು. ಪುಸ್ತಕ ತೆರೆದ ಕೂಡಲೇ ಹುಡುಗ ಹುಡುಗಿಯರನ್ನು ಬಿಟ್ಟು, ನನ್ನ ವಯಸ್ಸಿನವರು ಯಾರಾದರೂ ಇದ್ದಾರೆಯೇ, ಇದ್ದರೆ ಮನುಷ್ಯರಂತೆ ಇದ್ದಾರೆಯೇ ಅಂತ ಹುಡುಕುವುದು. ಜಾನ್ ಗ್ರೀನ್ ಅವರ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' ಪುಟ್ಟಿಯ ಪೀಳಿಗೆಯವರೆಲ್ಲ ಅತ್ತು ಅತ್ತು ಓದಿದ ಪುಸ್ತಕ. ಅವಳ ಪ್ರತಿಯ ಹಾಳೆಗಳು ಕೆಲವು ಕಡೆ ಉಬ್ಬಿಕೊಂಡಿವೆ. ಕ್ಯಾನ್ಸರ್ ಇರುವ ಇಬ್ಬರು ಹುಡುಗ ಹುಡುಗಿಯರ ಪ್ರೇಮ. ನಿಜ ಹೇಳುತ್ತೇನೆ, ನನಗೆ ಆ ಮಕ್ಕಳ ಮಾತು ಹಿಡಿಸಲಿಲ್ಲ. ಆ ವಯಸ್ಸಿನಲ್ಲಿ ಪ್ರತಿ ವಾಕ್ಯವನ್ನೂ ಅಷ್ಟು ಚಂದ ಮಾಡಿ ಆಡುವವರನ್ನು ನಾನು ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ. ನಾನು ಅತ್ತದ್ದು ಹುಡುಗಿಯ ಅಮ್ಮನಿಗಾಗಿ. ಆಕೆ ಮಗಳಿಗೆ ತಿಳಿಯದಂತೆ ಸಮಾಜಕಾರ್ಯದ ಪದವಿಗೆ ಓದುತ್ತಿರುತ್ತಾಳೆ. ತಾನು ಹೋದ ಮೇಲಿನ ಬದುಕಿಗೆ ಅಮ್ಮ ಈಗಲೇ ಅಣಿಯಾಗುತ್ತಿದ್ದಾಳೆ ಅಂತ ಮಗಳು ನೊಂದುಕೊಂಡಾಳು ಎಂದು ಗುಟ್ಟು. ಗೊತ್ತಾದಾಗ ಮಗಳಿಗೆ ನೋವಾಗುವುದಿಲ್ಲ, ಖುಷಿಯಾಗುತ್ತದೆ. ಹದಿಹರೆಯದವರು ಬಚ್ಚಿಟ್ಟು ಓದುವುದು ನಮಗೆ ಗೊತ್ತು. ಇಲ್ಲಿ ಬಚ್ಚಿಟ್ಟು ಓದುವವಳು ಅಮ್ಮ.

ಆ್ಯಂಜಿ ಥಾಮಸ್ ಅವರ 'ದಿ ಹೇಟ್ ಯು ಗಿವ್' 2017ರದು. ಅದರಲ್ಲೂ ಅಪ್ಪ ಅಮ್ಮ ಮನೆಯಲ್ಲಿದ್ದಾರೆ, ಚೆನ್ನಾಗಿಯೇ ಇದ್ದಾರೆ. ಪೊಲೀಸರು ತಡೆದು ನಿಲ್ಲಿಸಿದರೆ ಕೈ ಎಲ್ಲಿಡಬೇಕು, ಹೇಗೆ ಮಾತಾಡಬೇಕು ಅಂತ ಕಪ್ಪು ಜನಾಂಗದ ಆ ಅಪ್ಪ ಹನ್ನೆರಡರ ಮಗಳಿಗೆ ಕೂರಿಸಿ ಹೇಳಿಕೊಡುತ್ತಾನೆ. ಆ ಬುದ್ಧಿಮಾತು ಅವಳನ್ನು ಉಳಿಸುತ್ತದೆ, ಪಕ್ಕದಲ್ಲಿದ್ದ ಗೆಳೆಯನನ್ನು ಉಳಿಸುವುದಿಲ್ಲ.

ಆದರೆ ಈ ವರ್ಷ ನಾನು ಕಂಡ ಅಪ್ಪಂದಿರಲ್ಲಿ ಎಲ್ಲರಿಗಿಂತ ದೊಡ್ಡವನು ಸಾಕುತಂದೆ. ಆಸ್ಟ್ರೇಲಿಯಾದ ಮಾರ್ಕಸ್ ಜ಼ುಸಾಕ್ ಬರೆದ 'ದಿ ಬುಕ್ ಥೀಫ್'ನ ಹಾನ್ಸ್ ಹ್ಯೂಬರ್‌ಮನ್. ಹಿಟ್ಲರನ ಕಾಲದ ಜರ್ಮನಿ, ಕತೆ ಹೇಳುವವನು ಸಾಕ್ಷಾತ್ ಮೃತ್ಯು. ಲೀಸಲ್ ಎಂಬ ಪುಟ್ಟ ಹುಡುಗಿ ತಮ್ಮನ ಹೆಣ ಹೂಳುವಾಗ ಗುಂಡಿ ತೋಡುವವರ ಕೈಪಿಡಿಯೊಂದನ್ನು ಎತ್ತಿಕೊಂಡು ಬರುತ್ತಾಳೆ. ಓದು ಬಾರದ ಹುಡುಗಿಗೆ ಆ ಪುಸ್ತಕದಿಂದಲೇ ಅಕ್ಷರ ಕಲಿಸುತ್ತಾನೆ ಹಾನ್ಸ್. ಸುಣ್ಣಬಣ್ಣ ಬಳಿಯುವವನು ಅವನು. ಕಾಗದ ಸಾಲದೆ ನೆಲಮಾಳಿಗೆಯ ಗೋಡೆಯ ಮೇಲೆ ಬಣ್ಣದಲ್ಲಿ ಪದಗಳನ್ನು ಬರೆದು ಓದಿಸುತ್ತಾನೆ. ಅವನಿಗೂ ಓದು ಅಷ್ಟಕ್ಕಷ್ಟೆ, ಹಾಗಾಗಿ ಇಬ್ಬರೂ ಜೊತೆಗೇ ಕಲಿಯುತ್ತಾರೆ. ಅವನ ಹೆಂಡತಿ ರೋಸಾ ಬಾಯಿ ತೆರೆದರೆ ಬೈಗುಳ. ಪ್ರೀತಿ ಹೆಚ್ಚಾದಷ್ಟೂ ಬೈಗುಳ ಹೆಚ್ಚು. ಇಂಥ ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು, ಆಕೆ ಬೈಯುವುದನ್ನು ನಿಲ್ಲಿಸಿದ ದಿನ ಮನೆಮಂದಿಯೆಲ್ಲ ಡಾಕ್ಟರನ್ನು ಕರೆಸಿದ್ದರು. ತಮಾಷೆಯೆಂದರೆ ಈ ಪುಸ್ತಕ ಆಸ್ಟ್ರೇಲಿಯಾದಲ್ಲಿ 2005ರಲ್ಲಿ ದೊಡ್ಡವರ ಕಾದಂಬರಿಯಾಗಿಯೇ ಬಂದಿತ್ತು. ಮರುವರ್ಷ ಅಮೆರಿಕಕ್ಕೆ ಹೋಗಿ ಹದಿಹರೆಯದವರದಾಯಿತು. ಕಡಲು ದಾಟಿ ಚಿಕ್ಕದಾಗುವ ಯೋಗ ಮನುಷ್ಯರಿಗಿಲ್ಲ.

ಕನ್ನಡದಲ್ಲಿ ಇಂಥ ಕಾದಂಬರಿ ಬರೆಯುವುದು ಕಷ್ಟ ಎಂದು ನನಗೆ ಅನ್ನಿಸಿದ್ದು, ದೊಡ್ಡವರನ್ನು ಮನೆಯಿಂದ ಹೊರಗೆ ಕಳಿಸಬೇಕಾದ ಈ ಕಟ್ಟುಪಾಡಿನಿಂದಲೇ. ನಮ್ಮಲ್ಲಿ ಮನೆ ಖಾಲಿ ಮಾಡಿಸುವುದು ಹೇಗೆ? ಅಪ್ಪ ಅಮ್ಮನನ್ನು ಹೇಗೋ ಸಾಗಿಸಿದಿರಿ ಅನ್ನಿ, ಅಜ್ಜಿ ಇರುತ್ತಾಳೆ. ಅಜ್ಜಿಯನ್ನು ಧರ್ಮಸ್ಥಳದ ಬಸ್ಸು ಹತ್ತಿಸಿದರೆ ದೊಡ್ಡಪ್ಪ ಬರುತ್ತಾನೆ. ಎಲ್ಲರೂ ಹೋದರೆ, "ಒಬ್ಬನೇ ಇದೀಯಂತೆ, ಸಾರು ತಂದೆ" ಅಂತ ಪಕ್ಕದ ಮನೆಯಾಕೆ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಇಲ್ಲಿ ದೊಡ್ಡವರು ಮನೆ ಬಿಡುವುದಿಲ್ಲ, ಮಕ್ಕಳೇ ಬಿಡಬೇಕು. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2021ರಲ್ಲಿ ಕನ್ನಡಕ್ಕೆ ಬಂದದ್ದು ಬಸು ಬೇವಿನಗಿಡದ ಅವರ ಕಾದಂಬರಿಗೆ, ಅದರ ಹೆಸರೇ 'ಓಡಿ ಹೋದ ಹುಡುಗ'. ನಮ್ಮ ಜಿಲ್ಲೆಯ ಸಾಗರದ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಅದೇ ಪುರಸ್ಕಾರ ಪಡೆದಿತ್ತು. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡು ಶರಾವತಿಯ ನೀರು ಏರುವುದನ್ನೂ ಊರುಗಳು ಇಳಿಯುವುದನ್ನೂ ಕಣ್ಣಾರೆ ಕಂಡವರು ಅವರು. ಅಲ್ಲಿನ ಕತೆಗಳಲ್ಲಿ ಅಪ್ಪ ಅಮ್ಮ ಕಾಣೆಯಾಗಬೇಕಿಲ್ಲ, ಊರೇ ಕಾಣೆಯಾಗುತ್ತದೆ. ಇನ್ನು ಯಾರೂ ಹದಿಹರೆಯದವರಿಗೆ ಅಂತ ಬರೆಯದೆ ಅವರದೇ ಆಗಿಹೋದ ಪುಸ್ತಕ ತೇಜಸ್ವಿಯವರ 'ಕರ್ವಾಲೊ'. ನನ್ನ ತಮ್ಮ ಅದನ್ನು ಓದಿದ ಮೇಲೆ ಒಂದು ಬೇಸಿಗೆಯಿಡೀ ಹಾರುವ ಓತಿ ಹುಡುಕುತ್ತ ತೋಟ ಅಲೆದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹಾರಿತು.

ಪೆಟ್ಟಿಗೆಯ ತಳದಲ್ಲಿದ್ದವರು ಅರ್ಸುಲಾ ಲೆ ಗ್ವಿನ್. ಮಾಂತ್ರಿಕರು, ಡ್ರ್ಯಾಗನ್ನುಗಳು ನನಗೆ ಒಗ್ಗುವುದಿಲ್ಲವೆಂದು ಕೊನೆಗೆ ಇಟ್ಟುಕೊಂಡಿದ್ದೆ. ಅರ್ಥ್‌ಸೀ ಎಂಬ ದ್ವೀಪಗಳ ಲೋಕ. 1968ರಲ್ಲಿ ಬಂದ ಮೊದಲ ಪುಸ್ತಕದ ನಾಯಕ ಗೆಡ್, ಮೇಕೆ ಕಾಯುವ ಹುಡುಗ, ಮೈಬಣ್ಣ ನಮ್ಮ ಹಾಗೆ ಕಂದು. ಎಷ್ಟೋ ವರ್ಷ ಪ್ರಕಾಶಕರು ಮುಖಪುಟದಲ್ಲಿ ಅವನನ್ನು ಬೆಳ್ಳಗೆ ಮಾಡಿ ಕೂರಿಸಿದರು, ಲೆ ಗ್ವಿನ್ ಅದರ ವಿರುದ್ಧ ಜಗಳವಾಡುತ್ತಲೇ ಇದ್ದರು. ಅಲ್ಲಿ ಪ್ರತಿಯೊಬ್ಬರಿಗೂ ನಿಜವಾದ ಹೆಸರೊಂದು ಇರುತ್ತದೆ, ಅದನ್ನು ನಂಬಿದವರಿಗೆ ಮಾತ್ರ ಹೇಳುವುದು. ನಾಮಕರಣದಲ್ಲಿ ಕಿವಿಯಲ್ಲಿ ಉಸುರಿದ ಹೆಸರೊಂದು, ಊರೆಲ್ಲ ಕರೆಯುವ ಗುಂಡ, ಪುಟ್ಟಿ ಇನ್ನೊಂದು ಆಗಿರುವ ನಮಗೆ ಇದೇನು ಹೊಸದಲ್ಲ. 1971ರ ಎರಡನೆಯ ಪುಸ್ತಕದಲ್ಲಿ ಟೆನಾರ್ ಎಂಬ ಐದು ವರ್ಷದ ಮಗುವನ್ನು ಹೆತ್ತವರಿಂದ ಕಿತ್ತು ಕತ್ತಲೆಯ ಗುಡಿಯೊಂದರ 'ಮಹಾಪೂಜಾರಿಣಿ'ಯನ್ನಾಗಿ ಮಾಡುತ್ತಾರೆ. ಬೆಳೆದು, ಗೆಡ್ ಜೊತೆ ಅಲ್ಲಿಂದ ಪಾರಾಗುತ್ತಾಳೆ. 1972ರಲ್ಲಿ ಮೂರನೆಯದು. ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು.

ಹದಿನೆಂಟು ವರ್ಷ ಬಿಟ್ಟು, 1990ರಲ್ಲಿ, ಲೆ ಗ್ವಿನ್ ನಾಲ್ಕನೆಯದನ್ನು ಬರೆದರು. ಹೆಸರು 'ತೆಹಾನು'. ಅದರ ನಾಯಕಿ ಮತ್ತೆ ಅದೇ ಟೆನಾರ್. ಈಗ ಆಕೆ ನಡುವಯಸ್ಸಿನ ವಿಧವೆ. ರೈತನನ್ನು ಮದುವೆಯಾಗಿ, ಎರಡು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ, ಈಗ ಬೆಂಕಿಯಲ್ಲಿ ಸುಟ್ಟ ಯಾರದೋ ಹೆಣ್ಣುಮಗುವನ್ನು ಸಾಕುತ್ತಿದ್ದಾಳೆ. ಜಗತ್ತನ್ನೇ ಉಳಿಸಿದ ಮಹಾಮಾಂತ್ರಿಕ ಗೆಡ್ ಶಕ್ತಿಯನ್ನೆಲ್ಲ ಕಳೆದುಕೊಂಡು ಬಂದು ಮತ್ತೆ ಮೇಕೆ ಕಾಯುತ್ತಾನೆ. ಹಡಗಿನ ಕೆಲಸಕ್ಕೆ ಹೋಗಿದ್ದ ಮಗ ಮನೆಗೆ ಬಂದು ಜಮೀನು ತನ್ನದು ಅನ್ನುತ್ತಾನೆ. ಉಂಡ ತಟ್ಟೆ ಎತ್ತಿಡಪ್ಪಾ ಅಂದರೆ ಅದು ಹೆಂಗಸರ ಕೆಲಸ ಅನ್ನುತ್ತಾನೆ. ನಾನು ಪುಸ್ತಕ ಮಡಚಿ ಒಂದು ಲೋಟ ನೀರು ಕುಡಿದು ಬಂದೆ. ಡ್ರ್ಯಾಗನ್ನುಗಳು ಹಾರುವ ದ್ವೀಪಕ್ಕೂ ಶಿವಮೊಗ್ಗದ ಅಡುಗೆಮನೆಗೂ ಇಷ್ಟು ಹತ್ತಿರದ ದಾರಿ ಇದೆಯೆಂದು ಯಾರೂ ನನಗೆ ಹೇಳಿರಲಿಲ್ಲ.

ಪುಟ್ಟಿಯ ಪ್ರತಿಯಲ್ಲಿ ಎರಡನೆಯ ಅಧ್ಯಾಯದ ಹತ್ತಿರ ಹಳೆಯ ಬಸ್ ಟಿಕೆಟ್ಟೊಂದು ಸಿಕ್ಕಿಸಿತ್ತು, ಅದರಾಚೆಯ ಹಾಳೆಗಳು ಹೊಚ್ಚ ಹೊಸವು. ಫೋನ್ ಮಾಡಿದಾಗ ಕೇಳಿದೆ. "ಅಯ್ಯೋ ಅದಾ, ಸಖತ್ ಬೋರು ಚಿಕ್ಕಮ್ಮ. ಬರೀ ಒಬ್ಬಳು ಆಂಟಿ ಅಡುಗೆ ಮಾಡ್ತಾ, ನೀರು ಹೊರ್‍ತಾ ಇರ್‍ತಾಳೆ, ಏನೂ ನಡೆಯೋದೇ ಇಲ್ಲ" ಅಂದಳು. ಬೇಕಾದಷ್ಟು ನಡೆಯುತ್ತದೆ ಕಣೇ, ನೀನು ಟಿಕೆಟ್ ಇಟ್ಟದ್ದು ಬೇಗ ಆಯಿತು ಅಂದೆ. ಅರ್ಥ್‌ಸೀಯದ್ದೇ ಇನ್ನೆರಡು ಪುಸ್ತಕಗಳು 2001ರಲ್ಲಿ ಬಂದಿವೆ, ಅವುಗಳಲ್ಲೊಂದರಲ್ಲಿ ಟೆನಾರ್ ಮತ್ತೆ ಬರುತ್ತಾಳೆ, ಪೆಟ್ಟಿಗೆಯಲ್ಲಿ ಮಾತ್ರ ಅವು ಇಲ್ಲ. ನಿನ್ನ ಫೋನಿನಲ್ಲೇ ಆರ್ಡರ್ ಮಾಡಿ ಕಳಿಸಿಕೊಡು ಅಂತ ಕೇಳಿದೆ. ಪುಟ್ಟಿ ಸ್ವಲ್ಪ ಹೊತ್ತು ಫೋನಿನಲ್ಲಿ ಏನೋ ಹುಡುಕಿದಳು.

"ಚಿಕ್ಕಮ್ಮ, ಅವು ದೊಡ್ಡವರ ಪುಸ್ತಕ. ನಿಂಗೆ ಆಗುತ್ತಾ?"